ತಂತಿ ಜಾಲರಿ ಮತ್ತು ಭಾನುವಾರದ ಹುಲ್ಲು

ಮನೆಯಲ್ಲಿ ಅವಳಿಗೆ ಇಲಿಯಮ್ಮ ಎಂದೇ ಹೆಸರು. ಇಟ್ಟವಳು ಅಕ್ಕ. ಇಪ್ಪತ್ತೆಂಟು ವರ್ಷ ಒಂದೇ ಜೀವಸತ್ವದ ಬೆನ್ನು ಹತ್ತಿ, ಇಲಿಗಳಿಗೆ ತಿನ್ನಿಸಿ, ತೂಗಿ, ಬರೆದಿಟ್ಟವಳಿಗೆ ಇನ್ನೇನು ಹೆಸರಿಡಬೇಕು ಹೇಳಿ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಆ ಸಂಶೋಧನಾಲಯದ ತುಂಬ ಇದ್ದರು. ಇವಳು ಮಾತ್ರ ನಾಲ್ಕನ್ನೂ ಎಣಿಸಿ, ಮತ್ತೊಮ್ಮೆ ಎಣಿಸಿ, ಆಮೇಲೆ ಬಾಯಿ ಬಿಡುವವಳು.

ಅಂಥವಳ ಕೈಗೂ ಕೊನೆಗೊಂದು ದೊಡ್ಡ ಫಲ ಸಿಕ್ಕಿತ್ತು. ಬಿ-ಎರಡು ಜೀವಸತ್ವ ಸಾಕಷ್ಟು ಸಿಗದ ಇಲಿ ಬೆಳೆಯುವುದಿಲ್ಲ, ಕೂದಲು ಉದುರುತ್ತದೆ ಎಂಬುದು ಹಳೆಯ ಮಾತು. ಇವಳು ಆಲೂಗಡ್ಡೆಯ ಪಿಷ್ಟ ಬೆರೆಸಿ ಕೊಟ್ಟ ಇಲಿಗಳು ಮಾತ್ರ ಆ ಜೀವಸತ್ವ ತೀರಾ ಕಡಿಮೆಯಿದ್ದರೂ ಗುಂಡುಗುಂಡಗೆ ಬೆಳೆದವು. ಪ್ರಯೋಗ ನಡೆದ ನಾಲ್ಕು ವರ್ಷವೂ ಹೀಗೇ. ಪಿಷ್ಟ ತಿನ್ನುವ ದೇಹಕ್ಕೆ ಅರ್ಧ ಸಾಕು ಎಂದು ಬರೆದಳು, ಪ್ರಬಂಧ ಅಚ್ಚಾಯಿತು. ಅದನ್ನು ನಂಬಿ, ಶಾಲೆಯ ಮಕ್ಕಳಿಗೆ ಹಂಚುವ ಹಿಟ್ಟಿನಲ್ಲಿ ಆ ಜೀವಸತ್ವವನ್ನು ಅರ್ಧಕ್ಕಿಳಿಸಲು ಆಹಾರ ಸಮಿತಿ ಸೋಮವಾರ ಸಹಿ ಹಾಕುವುದಿತ್ತು. ಸಹಿ ಬಿದ್ದರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ಇವಳಿಗೇ ಎಂದು ನಿರ್ದೇಶಕರು ಬಾಯಿಬಿಟ್ಟು ಹೇಳಿದ್ದರು.

ಭಾನುವಾರ ಮಧ್ಯಾಹ್ನ ತೂಕದ ಪುಸ್ತಕ ತರಲೆಂದು ಇಲಿಗಳ ಕೋಣೆಗೆ ಹೋದಳು. ರಜೆಯ ದಿನ ಅವಳು ಅಲ್ಲಿ ಕಾಲಿಟ್ಟವಳೇ ಅಲ್ಲ. ನೋಡುತ್ತಾಳೆ, ಎಲ್ಲ ಪಂಜರಗಳಲ್ಲೂ ತಂತಿ ಜಾಲರಿಯ ಮೇಲೆ ಮೆತ್ತಗೆ ಒಣಹುಲ್ಲು! ಪಂಜರ ನೋಡಿಕೊಳ್ಳುವ ಅಜ್ಜ ಪಕ್ಕದಲ್ಲೇ ನೀರು ತುಂಬುತ್ತಿದ್ದ.

“ಇದೇನಜ್ಜಾ ಇದು?”

“ತಂತಿ ಮೇಲೆ ನಿಂತೂ ನಿಂತೂ ಅಂಗಾಲು ಹುಣ್ಣಾಗ್ತಿತ್ತಮ್ಮ. ಪಾಪ, ನೋಡೋಕಾಗ್ಲಿಲ್ಲ. ಶನಿವಾರ ಹಾಕ್ತೀನಿ, ಸೋಮವಾರ ನೀವು ಬರೋ ಮೊದಲೇ ತೆಗೀತೀನಿ.”

“ಯಾವಾಗಿಂದ?”

“ಮೊದಲಿಂದಾನೂ.”

ಹುಲ್ಲು ಸರಿಸಿ ನೋಡಿದಳು, ನಡುನಡುವೆ ಹಿಕ್ಕೆ ಸಿಕ್ಕಿಕೊಂಡಿತ್ತು. ಜಾಲರಿ ಇದ್ದದ್ದೇ ಹಿಕ್ಕೆ ಕೆಳಗೆ ಬಿದ್ದುಹೋಗಲೆಂದು. ಪಿಷ್ಟ ಸಿಕ್ಕರೆ ಇಲಿಯ ಕರುಳಿನ ಸೂಕ್ಷ್ಮಜೀವಿಗಳು ಆ ಜೀವಸತ್ವವನ್ನು ತಾವೇ ತಯಾರಿಸುತ್ತವೆ. ಅದು ಹಿಕ್ಕೆಯಲ್ಲಿ ಹೊರಬರುತ್ತದೆ, ಇಲಿ ಹಿಕ್ಕೆಯನ್ನೇ ತಿನ್ನುತ್ತದೆ. ಹುಲ್ಲಿನ ಮೇಲೆ ವಾರಕ್ಕೆರಡು ದಿನ ಔತಣ! ಕಡಿಮೆಯಿದ್ದ ಅರ್ಧ ಬಂದದ್ದು ಅಲ್ಲಿಂದ. ಹಿಕ್ಕೆ ಆರಿಸಿ, ಅರೆದು, ಸೋಸಿ ನೇರಳಾತೀತ ದೀಪದಡಿ ಹಿಡಿದಳು. ಆ ಜೀವಸತ್ವದ ಹಳದಿ-ಹಸಿರು ಹೊಳಪು ಕಣ್ಣಿಗೆ ರಾಚಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕೋಪ ನೆತ್ತಿಗೇರಿತು. ಅಜ್ಜನನ್ನು ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಜಾಲರಿ ಹಾಕಿ ಎಂದು ನೂರು ಸಲ ಹೇಳಿದ್ದಳು, ಯಾಕೆಂದು ಒಂದು ಸಲವೂ ಹೇಳಿರಲಿಲ್ಲ.

ವಿಷಯ ತಿಳಿಸಿದರೆ ನಿರ್ದೇಶಕರು ಫೋನಿನಲ್ಲೇ ಗದರಿದರು. “ಎರಡು ದಿನದ ಹುಲ್ಲಿಗೆ ಯಾರ್ರೀ ತಲೆ ಕೆಡಿಸ್ಕೊಳ್ತಾರೆ? ಬಾಯಿ ಮುಚ್ಕೊಂಡಿರಿ. ಹೇಳ್ಲೇಬೇಕು ಅಂದ್ರೆ, ಎಲ್ಲಾ ಅಜ್ಜನ ತಲೆಗೆ ಕಟ್ಟಿ. ಹೇಗೂ ಮುಂದಿನ ತಿಂಗಳು ಅವನಿಗೆ ನಿವೃತ್ತಿ.”

“ತಪ್ಪು ನನ್ನದು ಸಾರ್. ಅಜ್ಜನ ಹೆಸರೆತ್ತಿದ್ರೆ ನಾನು ಸುಮ್ಮನಿರಲ್ಲ.”

“ಕುರ್ಚಿ ಬೇಡ್ವಾ ಹಾಗಾದ್ರೆ?”

“ನೀವೇ ಇಟ್ಕೊಳ್ಳಿ. ಇಷ್ಟು ವರ್ಷ ಸ್ಟೂಲ್ ಮೇಲೆ ಕೂತಿದ್ದೀನಿ, ಬಿದ್ದಿಲ್ಲ.”

ಹೇಳಿದ್ದೇನೋ ಹೇಳಿ ಫೋನ್ ಇಟ್ಟಳು. ಆದರೂ ಆ ಕುರ್ಚಿ ಬೇಕಾಗಿತ್ತು ಅವಳಿಗೆ. ಯಾಕೆ ಸುಳ್ಳು ಹೇಳಬೇಕು, ತುಂಬಾ ಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಅಕ್ಕ ಅಡ್ಡ ನಿಂತಳು. “ಮರ್ಯಾದೆ ಹೋಗುತ್ತಲ್ಲೇ!”

“ಹೋಗ್ಲಿ ಬಿಡಕ್ಕಾ. ಮಕ್ಕಳ ಹೊಟ್ಟೆ ಮೇಲೆ ಹೊಡೆದು ಉಳಿಸ್ಕೊಳ್ಳೋ ಮರ್ಯಾದೆ ಯಾವಳಿಗೆ ಬೇಕು?”

ಸಮಿತಿಯವರು ಅವಳನ್ನು ಕರೆದಿರಲಿಲ್ಲ. ಬಾಗಿಲು ತಳ್ಳಿಕೊಂಡೇ ಹೋದಳು. ಉದ್ದನೆಯ ಮೇಜಿನ ಆಚೆ ಅಧ್ಯಕ್ಷರು ಆಗಲೇ ಪೆನ್ನು ತೆರೆದಿದ್ದರು, ಪಕ್ಕದಲ್ಲಿ ನಿರ್ದೇಶಕರು ಕಣ್ಣು ಕೆಂಪಗೆ ಮಾಡಿದರು. ಅವಳು ಕೂರಲಿಲ್ಲ. ಹುಲ್ಲು, ಹಿಕ್ಕೆ, ತನ್ನ ತಪ್ಪು, ಎಲ್ಲವನ್ನೂ ನಿಂತಲ್ಲೇ ಒಪ್ಪಿಸಿದಳು. ಅಚ್ಚಾದ ಪ್ರಬಂಧ ಹಿಂತೆಗೆಯುತ್ತೇನೆಂದೂ ಸೇರಿಸಿದಳು.

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಕನ್ನಡಕ ಏರಿಸಿಕೊಂಡರು. “ಅಲ್ಲಮ್ಮಾ, ನಾಲ್ಕು ವರ್ಷ ಕೂತು ಕಂಡುಹಿಡಿದದ್ದಾದರೂ ಏನು?”

“ಇಲಿ ತನ್ನ ಹಿಕ್ಕೆ ತಾನೇ ತಿಂದು ಬದುಕುತ್ತೆ ಅಂತ ಕಂಡುಹಿಡಿದೆ, ಸಾರ್. ಮಕ್ಕಳಿಗೂ ಅದನ್ನೇ ಬಡಿಸೋದಾದ್ರೆ ಸಹಿ ಹಾಕಿ.”

ಅಧ್ಯಕ್ಷರು ಪೆನ್ನು ಮುಚ್ಚಿದರು.