ಮೇಲ್‌ಬಾಕ್ಸ್‌ಗಳ ಹೊಟ್ಟೆ ಬಲ್ಲ ಲೀಲಾ

ಲೀಲಾಳ ಬಗ್ಗೆ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು: ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು.

2003ರಲ್ಲಿ ನಾವಿಬ್ಬರೂ ದೆಹಲಿಯ ರೋಹಿಣಿ ಬಡಾವಣೆಯ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯಲ್ಲಿದ್ದೆವು. ನಾನು ಇಂಜಿನಿಯರ್, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಅವಳು ಮನೆಯಲ್ಲೇ ಓದಿ ಬಿ.ಎ. ಕಟ್ಟಿದವಳು, ಗ್ರಾಹಕರ ಫೋನ್ ಎತ್ತುತ್ತಿದ್ದಳು. ಅವಳ ತಂದೆ ದಕ್ಷಿಣಾಮೂರ್ತಿ ನಮ್ಮ ಕಡೆಯವರೇ, ಕೇಂದ್ರ ಸರ್ಕಾರದಲ್ಲಿ ಗುಮಾಸ್ತರು. ಅವಳು ಹುಟ್ಟಿ ಬೆಳೆದದ್ದು ದೆಹಲಿಯಲ್ಲೇ. ನಾನು ಒಂದು ಹಿಂದಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಸಿಟ್ಟಾದ ಗ್ರಾಹಕನನ್ನು ನಗಿಸಿ ಫೋನ್ ಇಟ್ಟಾಗಿರುತ್ತಿತ್ತು. ಮಾಲೀಕ ಗುಲಾಟಿಯವರು ಏನೇ ಮಾಡುವ ಮುಂಚೆ, "ಲೀಲಾ, ನಿನಗೇನನ್ನಿಸುತ್ತೆ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ನನ್ನನ್ನು ಒಮ್ಮೆಯೂ ಹಾಗೆ ಕೇಳಿರಲಿಲ್ಲ.

ಆ ವರ್ಷ ಗ್ರಾಹಕರು ಎರಡು ಸಾವಿರ ದಾಟಿದರು. ಹಳೆಯ ಮೇಲ್ ಸರ್ವರ್ ಏದುಸಿರು ಬಿಡತೊಡಗಿತು. ಮುಂದೆ ಹತ್ತು ಸಾವಿರ ಜನಕ್ಕೂ ಸಾಲುವಂಥದ್ದನ್ನು ಆರಿಸುವ ಕೆಲಸ ನನಗೆ ಬಂತು. ಸರಿಯಾಗಿ ಆರಿಸಿದರೆ ನನ್ನನ್ನೇ ಮೇಲ್ ವಿಭಾಗದ ಇನ್‌ಚಾರ್ಜ್ ಮಾಡುವುದಾಗಿ ಗುಲಾಟಿ ಹೇಳಿದ್ದರು. ಕೊನೆಗೆ ಎರಡು ಸರ್ವರ್ ಉಳಿದವು. ಮೊದಲನೆಯದು ಒಬ್ಬ ಗ್ರಾಹಕನ ಎಲ್ಲ ಮೇಲ್‌ಗಳನ್ನೂ ಒಂದೇ ಫೈಲಿನಲ್ಲಿ ಇಡುತ್ತಿತ್ತು. ಎರಡನೆಯದು ಪ್ರತಿ ಮೇಲ್‌ಗೂ ಬೇರೆ ಫೈಲ್ ಮಾಡುತ್ತಿತ್ತು. ಸಾವಿರ ಖಾತೆ ತೆರೆದು ಮೂರು ದಿನ ಮೇಲ್ ಸುರಿದು ನೋಡಿದೆ. ವೇಗದಲ್ಲಿ ಮೊದಲನೆಯದು ಗೆದ್ದಿತು. ಗ್ರಾಫ್ ಬರೆದು ಗೋಡೆಗೆ ಅಂಟಿಸಿದೆ.

ಲೀಲಾ ಚಹಾ ಕುಡಿಯುತ್ತಾ ಬಂದು ನೋಡಿದಳು.

"ಇಂಜಿನಿಯರ್ ಸಾಹೇಬ್ರೇ, ಈ ಮೇಲ್‌ಬಾಕ್ಸ್ ಎಲ್ಲಾ ಖಾಲಿ ಇದ್ವಾ?"

"ಹೊಸ ಖಾತೆ ಖಾಲಿ ಇರದೆ ಮತ್ತೇನು?"

"ನಮ್ಮ ಗ್ರಾಹಕರು ಒಂದೂ ಮೇಲ್ ಅಳಿಸಲ್ಲ. ಮಾನೇಸರ್ ಫ್ಯಾಕ್ಟರಿಯವರು ಅಲ್ಲೂ ನೋಡ್ಬೇಕು, ಇಲ್ಲಿ ಅವ್ರ ದೆಹಲಿ ಆಫೀಸಲ್ಲೂ ನೋಡ್ಬೇಕು. ಅದಕ್ಕೆ ಸರ್ವರ್‌ನಲ್ಲೂ ಒಂದು ಕಾಪಿ ಉಳಿಯೋ ಹಾಗೆ ನಾನೇ ಫೋನಲ್ಲಿ ಎಲ್ರ ಕೈಲೂ ಟಿಕ್ ಹಾಕಿಸಿದೀನಿ. ಎರಡು ವರ್ಷದ್ದು ಹಾಗೇ ಬಿದ್ದಿದೆ."

"ಫೋನ್ ಎತ್ತೋರಿಗೆ ಸರ್ವರ್ ಚಿಂತೆ ಯಾಕೆ?" ಎಂದುಬಿಟ್ಟೆ.

"ಅಚ್ಛಾ," ಎಂದು ತನ್ನ ಕುರ್ಚಿಗೆ ಹೋದಳು.

ಭಾನುವಾರ ಒಬ್ಬನೇ ಆಫೀಸಿಗೆ ಬಂದೆ. ಅವಳ ಮಾತು ಸುಳ್ಳಾಗಲಿ ಎಂದೇ ಬಂದಿದ್ದೆ. ಖಾತೆಗಳಿಗೆಲ್ಲ ಹಳೆಯ ಮೇಲ್ ತುಂಬಿ ಮತ್ತೆ ಪರೀಕ್ಷಿಸಿದೆ. ಒಂದು ಹೊಸ ಮೇಲ್ ಕೊಡಲು ನಾನು ಮೆಚ್ಚಿದ ಸರ್ವರ್ ಇಡೀ ಫೈಲನ್ನು ತಡಕುತ್ತಿತ್ತು. ಇನ್ನೂರು ಖಾತೆಗಳಿಂದ ಒಟ್ಟಿಗೆ ಮೇಲ್ ಕೇಳಿದಾಗ ನಿಂತೇಹೋಯಿತು. ಎರಡನೆಯದು ಹೊಸ ಫೈಲನ್ನಷ್ಟೇ ಎತ್ತಿಕೊಟ್ಟಿತು. ಯಂತ್ರವನ್ನು ಮುಟ್ಟದೆಯೇ ಅವಳಿಗೆ ಇದು ಗೊತ್ತಿತ್ತಲ್ಲ ಎಂದು ಮೈ ಉರಿಯಿತು.

ಸೋಮವಾರ ಹಳೆಯ ಗ್ರಾಫ್ ಕಿತ್ತು, ಹೊಸದನ್ನು ಗುಲಾಟಿಯವರ ಮುಂದಿಟ್ಟೆ. ಲೀಲಾಳೂ ಅಲ್ಲಿದ್ದಳು.

"ತುಂಬಿದ ಮೇಲ್‌ಬಾಕ್ಸ್ ಇಟ್ಟು ಪರೀಕ್ಷೆ! ವಾಹ್, ಯಾರ ಯೋಚನೆ ಇದು?" ಎಂದರು ಗುಲಾಟಿ.

"ನನ್ನದೇ, ಸರ್."

ಎರಡನೆಯ ಸರ್ವರ್ ಆಯ್ಕೆಯಾಯಿತು, ನಾನು ಇನ್‌ಚಾರ್ಜ್ ಆದೆ.

ಹೊರಗೆ ಬಂದ ಮೇಲೆ ಅವಳೆಂದಳು: "ಮುಬಾರಕ್, ಸಾಹೇಬ್ರೇ. ಸರ್ವರ್ ಬದಲಾಗುತ್ತೆ ಅಂತ ಎರಡು ಸಾವಿರ ಜನಕ್ಕೆ ಫೋನ್ ಮಾಡಿ ಹೇಳ್ಬೇಕಲ್ಲ, ಅದೂ ನಿಮ್ಮದೇ ಯೋಚನೆನಾ?"

ಅವಳು ಉತ್ತರಕ್ಕೆ ಕಾಯದೆ ಪಟ್ಟಿಯ ಮೊದಲ ನಂಬರ್ ಒತ್ತಿದಳು. "ನಮಸ್ತೇ ಭಯ್ಯಾ," ಎಂದು ಶುರುಮಾಡಿ, ನಮ್ಮ ಮಹಂತೇಶ್ ಸಾಹೇಬರು ಒಳ್ಳೆಯ ಸರ್ವರ್ ಆರಿಸಿದ್ದಾರೆ, ನಿಮ್ಮ ಹಳೆಯ ಮೇಲ್ ಒಂದೂ ಹೋಗುವುದಿಲ್ಲ ಎಂದು ಹಿಂದಿಯಲ್ಲಿ ಧೈರ್ಯ ಹೇಳಿದಳು. ಆಮೇಲೆ ಎರಡನೆಯ ನಂಬರ್, ಮೂರನೆಯದು. ಪ್ರತಿ ಸಲವೂ ನನ್ನ ಹೆಸರು. ತನ್ನದನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡಲು ಅವಳಿಗೆ ಹೇಗೆ ಬಂತು? ಇನ್‌ಚಾರ್ಜ್ ಆದ ದಿನವೂ ನಾನು ಅವಳನ್ನು ನೋಡಿ ಕರುಬುತ್ತ ಕೂತಿದ್ದೆ.