ಒಂದೇ ಗಾದಿಯ ಅಕ್ಕ

ಹುಮನಾಬಾದ್ ಕಡೆಯ ಕಮಲಾಬಾಯಿ ಮರಾಠಿ ಸೀಮೆಯ ವಾಳೂಜಿಗೆ ಬಂದು ಕಾರ್ಖಾನೆ ಸೇರಿದ ಮೇಲೆ ಹಗಲು ಮಲಗುವುದನ್ನು ಕಲಿತಳು. ಅವಳು ಮಾಲು ಪ್ಯಾಕ್ ಮಾಡುವ ಕಡೆ, ಗಂಡ ಶಿವಕಾಂತ ಗೇಟಿನ ಕಾವಲಿಗೆ. ಇಬ್ಬರದೂ ರಾತ್ರಿ ಪಾಳಿ. ಅವರು ಹಿಡಿದ ಬಾಡಿಗೆ ಕೋಣೆಯೂ ಹಗಲಿಗಷ್ಟೇ ಅವರದು. ಸಂಜೆ ಬೀಗ ಹಾಕಿ, ಕೀಲಿಯನ್ನು ಮಾಲೀಕನ ಅಂಗಡಿಗೆ ಕೊಟ್ಟು ಕಂಪನಿ ಬಸ್ಸು ಹತ್ತಿದರೆ, ಆಮೇಲೆ ಅದೇ ಕೋಣೆಗೆ, ಅದೇ ಗಾದಿಗೆ ಬೇರೊಂದು ಸಂಸಾರ ಬರುತ್ತಿತ್ತು. ಹಗಲು ದುಡಿದು ರಾತ್ರಿ ಮಲಗುವವರು. ಬೆಳಿಗ್ಗೆ ಇವರು ತಿರುಗಿ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿರುತ್ತಿದ್ದರು. ಯಾರೆಂದು ಕೇಳಿದರೆ ಮಾಲೀಕ, ನಿಮಗೇನು ಮಾಡೋದಿದೆ ಎಂದು ಮರಾಠಿಯಲ್ಲಿ ಗದರುತ್ತಿದ್ದ.

ಕಮಲಾಬಾಯಿಗೆ ಅದೊಂದು ಗೀಳಾಯಿತು. ಬಂದವಳೇ ಮೊದಲು ಕೋಣೆಯನ್ನು ನೋಡುವಳು. ಗಾದಿ ಝಾಡಿಸಿ ಸುತ್ತಿಟ್ಟಿರುತ್ತಿತ್ತು. ಕೊಡದ ತುಂಬ ನೀರು. ಹೊಸ್ತಿಲಲ್ಲಿ ಎರಡೆಳೆ ರಂಗೋಲಿ. ಬಾಚಣಿಗೆಯಲ್ಲಿ ಉದ್ದ ಕೂದಲು, ದಾರದ ಮೇಲೆ ಒಣಗಿದ ಸಣ್ಣ ಕೆಂಪು ರಿಬ್ಬನ್ನು. ಒಂದು ದಿನ ಬಟ್ಟೆಯೊಳಗೆ ಮರೆತುಹೋದ ಜೋಳದ ರೊಟ್ಟಿ ಸಿಕ್ಕಿತು, ವೀಳ್ಯದೆಲೆಯಷ್ಟು ತೆಳ್ಳಗೆ.

"ನಮ್ಮ ಕಡೀ ಹೆಣ್ಮಗಳರಿ," ಎಂದಳು ಗಂಡನಿಗೆ. "ಒಬ್ಬಾಕಿ ಸಣ್ಣ ಮಗಳದಾಳ. ಗಂಡ ಇದ್ದಂಗಿಲ್ಲ, ಬೀಡಿ ವಾಸನಿ ಇಲ್ಲ."

"ಪೊಲೀಸ್ನ್ಯಾಗ ಸೇರಬೇಕಿತ್ತ ನೀ. ದೀಪ ಆರಿಸು, ನಿದ್ದಿ ಮಾಡೂಣು," ಎಂದ ಶಿವಕಾಂತ. ಹಗಲಿನಲ್ಲಿ ದೀಪವೆಲ್ಲಿಯದು? ಕಿಟಕಿಗೆ ಗೋಣಿತಟ್ಟು ಎಳೆ ಎಂದು ಅದರರ್ಥ.

ಆ ಕಾಣದ ಹೆಂಗಸನ್ನು ಕಮಲಾಬಾಯಿ ಮನಸ್ಸಿನಲ್ಲೇ ಅಕ್ಕ ಎಂದು ಕರೆದಳು. ಪಂಚಮಿಗೆ ಗಾದಿಯ ಮೇಲೆ ಒಂದು ಕುಪ್ಪಸದ ಖಣ, ಅರಿಶಿನ ಕುಂಕುಮ ಇಟ್ಟು ಹೋದಳು. ಮರುದಿನ ಅದೇ ಜಾಗದಲ್ಲಿ ಎಲೆಯಲ್ಲಿ ಕಟ್ಟಿದ ಶೇಂಗಾ ಚಟ್ನಿ ಪುಡಿ ಇತ್ತು. ದಸರೆಗೆ ಇನ್ನೊಂದು ಖಣ ಇಟ್ಟಳು. ಚಿಕ್ಕ ಡಬ್ಬಿಯಲ್ಲಿ ಉಂಡೆ ಬಂತು.

ಕಷ್ಟವೆಂದರೆ ವಾರದ ರಜೆ. ಅಂದು ಕೆಲಸವೂ ಇಲ್ಲ, ರಾತ್ರಿಗೆ ಮನೆಯೂ ಇಲ್ಲ. ಗಂಡ ಹೆಂಡತಿ ಚೀಲ ಹಿಡಿದು ರಾತ್ರಿಯಿಡೀ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೂರುವರು. ಯಾರಾದರೂ ಕೇಳಿದರೆ ವೈಜಾಪುರದ ಬಸ್ಸು ಕಾಯುತ್ತಿದ್ದೇವೆ ಎನ್ನುವರು. ಮಗಳು ರುಚಿತಾ ನಾಶಿಕದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಕಳೆದ ದೀಪಾವಳಿಗೆ ಹಾಸ್ಟೆಲು ಮುಚ್ಚಿದಾಗ ಗೆಳತಿಯ ಮನೆಯಲ್ಲಿದ್ದಳು. ಈ ಸಲ ಫೋನಿನಲ್ಲಿ, "ಅವ್ವಾ, ಅವರ ಮನೀಗೆ ಮತ್ತ ಹೋಗಾಕ ನಾಚಿಕಿ ಬರ್ತದ," ಎಂದಳು.

ಆಗ ಕಮಲಾಬಾಯಿ 'ಓಸರಿ' ಎಂಬ ಸಂಸ್ಥೆಗೆ ಹೋದಳು. ಓಸರಿ ಎಂದರೆ ಮರಾಠಿಯಲ್ಲಿ ಪಡಸಾಲೆ. ದುಡಿಮೆ ಇದ್ದೂ ಸೂರಿಲ್ಲದ ಸಂಸಾರಗಳಿಗೆ ಜಾಮೀನು ನಿಂತು ಮನೆ ಕೊಡಿಸುವ, ಆಮೇಲೂ ಬಂದು ನೋಡಿಕೊಂಡು ಹೋಗುವ ಜನ ಅವರು. ಅಲ್ಲಿ ಕೆಲಸ ಮಾಡುವ ವಿಭಾಳ ತಂದೆ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಹುಡುಗಿ ಇಲ್ಲೇ ಬೆಳೆದವಳು. ಕನ್ನಡ ಪೂರಾ ತಿಳಿಯುತ್ತಿತ್ತು, ಆಡುವಾಗ ಮರಾಠಿ ಬೆರೆಯುತ್ತಿತ್ತು.

"ಮಾವಶಿ, ಒಂದು ಮನಿ ಅದ," ಎಂದಳು ವಿಭಾ, ಚಿಕ್ಕಮ್ಮನನ್ನು ಕರೆದಂತೆ. "ಎರಡು ಖೋಲಿ, ನಡುವೆ ಒಂದೇ ಅಡಿಗಿಮನಿ. ಒಬ್ಬರಿಗೆ ಭಾಡಾ ಪರವಡತ ನಾಹೀ, ಭಾಳ ಆಗ್ತದ. ಎರಡು ಫ್ಯಾಮಿಲಿ ಕೂಡಿ ತಗೋಬೇಕು, ಆದ್ರ ಒಬ್ಬರಿಗೊಬ್ಬರು ಗೊತ್ತಿರಬೇಕು. ನಿಮ್ಮ ಜೋಡಿ ಯಾರು?"

"ಅದಾಳ ನಮ್ಮಕ್ಕ."

"ಹೆಸರು?"

ಕಮಲಾಬಾಯಿ ಸೆರಗು ಸರಿಮಾಡಿಕೊಂಡಳು. "ಹೆಸರ ಗೊತ್ತಿಲ್ಲರಿ. ಒಂದ ಗಾದಿ ಮ್ಯಾಲ ಮಲಗ್ತೀವಿ."

ವಿಭಾ ಮೊದಲು ನಕ್ಕಳು. ಆಮೇಲೆ ಪೂರ್ತಿ ಕೇಳಿಸಿಕೊಂಡು ಪುಸ್ತಕದಲ್ಲಿ ಬರೆದುಕೊಂಡಳು. "ಶನಿವಾರ ಇಬ್ಬರೂ ಕೂಡಿ ಬರ್ರಿ. ನಾಹೀ ತರ್ ಮನಿ ಮುಂದಿನವರಿಗೆ ಹೋಗ್ತದ," ಎಂದಳು.

ಮರುದಿನ ಸಂಜೆ ಕಮಲಾಬಾಯಿ ಕಂಪನಿ ಬಸ್ಸು ಹತ್ತಲಿಲ್ಲ. ಒಂದು ಪಾಳಿಯ ಪಗಾರ ಹೋಗುತ್ತದೆಂದು ಗೊಣಗುತ್ತ ಶಿವಕಾಂತನೊಬ್ಬನೇ ಕೀಲಿಯನ್ನು ಅಂಗಡಿಗೆ ಕೊಟ್ಟು ಹೋದ. ಅವಳು ಗಾದಿಯ ತುದಿಯಲ್ಲಿ ಕೂತು ಕಾದಳು. ಅಕ್ಕ ಎತ್ತರವೋ ಗಿಡ್ಡವೋ? ತನ್ನ ವಯಸ್ಸಿನವಳೋ, ಚಿಕ್ಕವಳೋ?

ಬೀಗವಿಲ್ಲದ ಬಾಗಿಲು ತಳ್ಳಿ ಬಂದವನು ದಪ್ಪ ಮೀಸೆಯ ಗಂಡಸು. ಪಕ್ಕದಲ್ಲಿ ಆರೇಳು ವರ್ಷದ ಹುಡುಗಿ. ಕಮಲಾಬಾಯಿ ದಡಬಡಿಸಿ ಎದ್ದು ಅವನ ಬೆನ್ನ ಹಿಂದೆ ಇಣುಕಿದಳು.

"ಅಕ್ಕ ಎಲ್ಲಿ?"

"ಯಾವ ಅಕ್ಕರಿ?"

"ರೊಟ್ಟಿ ಮಾಡಾಕಿ. ರಂಗೋಲಿ ಹಾಕಾಕಿ."

ಅವನು ಚೀಲ ಕೆಳಗಿಟ್ಟು, ಕಳ್ಳತನ ಒಪ್ಪಿಕೊಳ್ಳುವವನಂತೆ, "ಅದು ನಾನರಿ," ಎಂದ.

ಹೆಸರು ಮೈಲಾರಿ. ಹಾವೇರಿ ಕಡೆಯವನು, ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡಿಗೆಯವನು. ಹೆಂಡತಿ ತೀರಿಕೊಂಡಿದ್ದಳು, ಮಗಳ ಉದ್ದ ಕೂದಲು ಬಾಚಿ ಜಡೆ ಹಾಕುವವನು ಅವನೇ. ಹುಡುಗಿಯ ಲಂಗದತ್ತ ಕಮಲಾಬಾಯಿಯ ಕಣ್ಣು ಹೋಯಿತು. ಮೇಲೆ ಪಂಚಮಿಯ ಖಣ, ಕೆಳಗೆ ದಸರೆಯದು.

"ಗಂಡಸಿಗೆ ಖಣ ಯಾಕ ಕೊಡ್ತಾರಂತ ಭಾಳ ವಿಚಾರ ಮಾಡಿದ್ನಿ ಅಕ್ಕಾರ," ಎಂದ ಮೈಲಾರಿ. "ತಿರುಗಿ ಇಟ್ರ ಬ್ಯಾಸರಾಗ್ತೀರಿ ಅಂತ ಇಕಿಗೆ ಹೊಲಿಸಿದ್ನಿ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ರುಚಿತಾ ನೆನಪಾದಳು. ಹೆಂಗಸಿಲ್ಲದ ಮನೆ, ಅಪರಿಚಿತ ಗಂಡಸು, ಬೆಳೆದ ಮಗಳು. ಆದರೂ ಬಂದ ಕೆಲಸ ಹೇಳಿದಳು. ಮೈಲಾರಿ ಒಮ್ಮೆಲೇ ಹೂಂ ಅನ್ನಲಿಲ್ಲ. "ಮೊದಲ ನಿಮ್ಮ ಯಜಮಾನ್ರನ್ನ ಕೇಳ್ರಿ. ಅವರು ಒಲ್ಲೆ ಅಂದ್ರ ನಾ ಸಿಟ್ಟಾಗಂಗಿಲ್ಲ," ಎಂದು ಮಗಳನ್ನು ಕರೆದುಕೊಂಡು, ಅವಳು ಹೊರಡುವ ತನಕ ಹೊರಗಿನ ಕಟ್ಟೆಯ ಮೇಲೆ ಕೂತ.

ರಾತ್ರಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕಳೆದು ಬಂದ ಅವಳಿಂದ ಬೆಳಿಗ್ಗೆ ಸುದ್ದಿ ಕೇಳಿದ ಶಿವಕಾಂತ ಚಪ್ಪಲಿ ಬಿಡದೆ ನಿಂತುಬಿಟ್ಟ.

"ಗಂಡಸನ? ರುಚಿತಾನ್ನ ಅಂಥಾ ಮನ್ಯಾಗ ಇಡ್ತೀಯೇನ? ಗುರ್ತಿಲ್ಲ, ಪರ್ತಿಲ್ಲ!"

"ಗುರ್ತಿಲ್ಲದವನ ಗಾದಿ ಮ್ಯಾಲ ವರ್ಷಗಟ್ಲೆ ಗೊರಕಿ ಹೊಡದೀರಲ್ಲ."

"ಅದು ಬ್ಯಾರೆ!"

"ಏನ ಬ್ಯಾರೆ? ನಮ್ಮ ಟ್ರಂಕಿಗೆ ಬೀಗ ಇಲ್ಲ. ಒಂದ ದಿನ ಒಂದ ಸೂಜಿ ಕಡಿಮಿ ಆಗೇತೇನ? ಬಸ್ ಸ್ಟ್ಯಾಂಡಿನ್ಯಾಗ ಮಗಳನ್ನ ನಡುವ ಕುಂಡ್ರಿಸ್ಕೊಂಡು ಅಲ್ಲಿರೋ ಗಂಡಸರ ಗುರ್ತ ಕೇಳ್ಕೋತ ಹೋಗ್ತೀರೇನ?"

ಶಿವಕಾಂತ ಗೋಣಿತಟ್ಟು ಎಳೆದು ಮಲಗಿದ. ಅವತ್ತು ಅವನಿಗೆ ನಿದ್ದೆ ಬರಲಿಲ್ಲ. ಮಧ್ಯಾಹ್ನ ಎದ್ದು ಒಬ್ಬನೇ ಕ್ಯಾಂಟೀನಿನ ಗೇಟಿಗೆ ಹೋಗಿ ಮೈಲಾರಿಯನ್ನು ನೋಡಿಬಂದ. ಏನು ಮಾತಾಡಿದರೋ, ಕಮಲಾಬಾಯಿ ಎಷ್ಟು ಕೆದಕಿದರೂ ಹೇಳಲಿಲ್ಲ. "ಎರಡೂ ಖೋಲಿಗೆ ಒಳಗಿಂದ ಚಿಲಕ ಇರ್ಬೇಕು. ಇಲ್ಲಂದ್ರ ನಾನ ಜಡೀತೀನಿ," ಎಂದನಷ್ಟೆ.

ಶನಿವಾರ ಓಸರಿಯಲ್ಲಿ ವಿಭಾ ಮೈಲಾರಿಯ ಮೀಸೆ ನೋಡಿ ಕಮಲಾಬಾಯಿಯತ್ತ ತಿರುಗಿದಳು. "ಮಾವಶಿ, ಅಕ್ಕ ಎಲ್ಲಿ?"

"ಇವನ ನೋಡವ್ವ. ಅಕ್ಕ ಆಗಬೇಕಿತ್ತು, ತಮ್ಮ ಆದ."

ದೀಪಾವಳಿಯ ಹೊತ್ತಿಗೆ ಎರಡೂ ಸಂಸಾರ ಹೊಸ ಮನೆ ಸೇರಿದ್ದವು, ರುಚಿತಾ ಬಂದಳು. ಗಂಡ ಹೆಂಡತಿಗೆ ರಜೆ. ಸಂಜೆಯಾದಂತೆ ಹಳೆಯ ರೂಢಿಗೆ ಇಬ್ಬರ ಕಾಲೂ ತಮ್ಮಷ್ಟಕ್ಕೆ ಬಾಗಿಲ ಕಡೆ ಹೋದವು, ಮುಖ ಮುಖ ನೋಡಿಕೊಂಡು ಇಬ್ಬರೂ ತಿರುಗಿ ಬಂದರು. ಅಷ್ಟರಲ್ಲಿ ಹೊರಗಿನ ಬಾಗಿಲು ಯಾರೋ ಮೆಲ್ಲಗೆ ತಟ್ಟಿದರು. ರುಚಿತಾ ತೆರೆದಳು. ಮೈಲಾರಿ, ತನ್ನ ಪಾಲಿನ ಕೀಲಿ ಕೈಯಲ್ಲೇ ಹಿಡಿದು ನಿಂತಿದ್ದ. ತಾನು ಬಂದಾಗ ಮನೆಯೊಳಗೆ ಜನರಿರುವುದು ಅವನಿಗೂ ಹೊಸದು.

"ಯಾರ ಬೇಕಾಗಿತ್ರಿ?" ಎಂದಳು ರುಚಿತಾ.

ಅವನು ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಅವನ ಮಗಳು ಇಬ್ಬರ ನಡುವಿನಿಂದ ನುಸುಳಿ ಒಳಗೆ ಓಡಿದಳು.