ಮೊರದ ಮೇಲಿನ ಸುಬ್‌ಹಾನಲ್ಲಾಹ್

ಈ ಮೊರಕ್ಕೆ ನಾನೂರು ರೂಪಾಯಿ ಕೊಟ್ಟೆ, ಚೌಕಾಸಿಯನ್ನೇ ಮಾಡದೆ. ಕಳಸದ ಸಂತೆಯಲ್ಲಿ ನನ್ನನ್ನು ಬಲ್ಲವರಿಗೆ ಇದು ಸಣ್ಣ ಸುದ್ದಿಯಲ್ಲ. ಮೊರ ಹೆಣೆದ ಹೆಂಗಸು ಬೆಲೆ ಹೇಳಿ, ಎಂದಿನಂತೆ ನಾನು ಮುನಿಸಿಕೊಂಡು ಎದ್ದು ಹೊರಡುತ್ತೇನೆಂದು ಕಾದಳು. ನೋಟು ತೆಗೆದಾಗ ಅವಳಿಗೇ ಗಾಬರಿ. "ಸಾಬ್ರೇ, ಹುಷಾರಿದ್ದೀರಲ್ಲಾ?" ಎಂದಳು. ಎಡಗೈ ಒಂದರಲ್ಲೇ ಹಿಡಿಯುವಷ್ಟು ಹಗುರವಾಗಿ ಹೆಣೆದುಕೊಡು ಎಂದು ಹೇಳಿ ಮಾಡಿಸಿದ್ದು. ನನ್ನ ತಾಯಿ, ಉಮ್ಮನ ಮಾತು ಅದರ ಮೇಲೆ ನಿಂತಿದೆ. ಅಂಥ ವಸ್ತುವಿಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆ ಮಾಡಿಸಿ ನಾನು ಯಾವ ಬಂಗಲೆ ಕಟ್ಟಬೇಕು, ನೀವೇ ಹೇಳಿ.

ಪಿಕಪ್ಪಿನಲ್ಲಿ ಅದನ್ನು ಪಕ್ಕದ ಸೀಟಿಗೆ ಕೂರಿಸಿಕೊಂಡು ಮೂಡಿಗೆರೆಗೆ ಬಂದೆ. ಹಸಿ ಬಿದಿರಿನ ವಾಸನೆ ದಾರಿಯುದ್ದಕ್ಕೂ ನನ್ನನ್ನು ಹಳೆಯ ಅಂಗಳಕ್ಕೆ ಎಳೆಯುತ್ತಲೇ ಇತ್ತು.

ನಾನು ಕರಿಮೆಣಸಿನ ವ್ಯಾಪಾರಿ. ಒಂದು ಹಳೇ ಸೈಕಲ್ಲು, ಎರಡು ಗೋಣಿಚೀಲದಿಂದ ಶುರುಮಾಡಿದವನು. ಆಗ ಯಂತ್ರ ಎಲ್ಲಿಂದ ಬರಬೇಕು? ನಾನು ತಂದ ಮೆಣಸನ್ನು ಅಂಗಳದಲ್ಲಿ ಕೂತು ಕೇರಿ, ಜೊಳ್ಳು ಹಾರಿಸುತ್ತಿದ್ದವಳು ಉಮ್ಮ. ಮೊರ ಮೇಲೆದ್ದಾಗ "ಸುಬ್‌ಹಾನ್", ಮೆಣಸು ಮರಳಿ ಬಿದ್ದಾಗ "ಅಲ್ಲಾಹ್". ಅಲ್ಲಾಹನು ಪರಿಶುದ್ಧ ಎಂದರ್ಥ. ಬೆಳಗಿನಿಂದ ಸಂಜೆಯವರೆಗೆ ಅದೊಂದೇ. ಕೈ ನಿಂತರೆ ಬಾಯಿ ನಿಲ್ಲುತ್ತಿತ್ತು, ಕೈ ಎದ್ದರೆ ಬಾಯೂ ಏಳುತ್ತಿತ್ತು.

ನನಗೋ ಎಲ್ಲದರಲ್ಲೂ ಲೆಕ್ಕಾಚಾರ. ಒಮ್ಮೆ ಕೇಳಿಯೇ ಬಿಟ್ಟೆ. (ಮನೆಯಲ್ಲಿ ನಮ್ಮದು ಬ್ಯಾರಿ ಮಾತು; ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.) "ಉಮ್ಮಾ, ದೇವ್ರಿಗೆ ಒಂದ್ಸಲ ಹೇಳಿದ್ರೆ ಸಾಲ್ದಾ? ದಿನಾ ಐದು ಹೊತ್ತು ಅದೇ ನಮಾಜು, ಅದೇ ಮಾತು. ವ್ಯಾಪಾರದಲ್ಲಿ ನಾವು ಒಂದು ರೇಟ್ ಹೇಳಿದ್ರೆ ಮುಗೀತು."

"ಮುಗೀತಾ? ನಿನ್ನೆ ಎಸ್ಟೇಟಿನವ್ರ ಹತ್ರ ಒಂದೇ ರೇಟನ್ನ ಮಧ್ಯಾಹ್ನದ ತನಕ ಹೇಳ್ತಾ ಕೂತಿದ್ದೆಯಲ್ಲ!" ಎಂದು ಉಮ್ಮ ನಕ್ಕಳು. ಆಮೇಲೆ ಮೊರವನ್ನೊಮ್ಮೆ ಹಾರಿಸಿ ನನ್ನ ಮೂಗಿನಡಿ ಹಿಡಿದಳು. "ನೋಡು, ಜೊಳ್ಳು ಪೂರಾ ಹೋಯ್ತಾ? ಇಲ್ಲ. ಅವ್ನಿಗೆ ಕೇಳಿಸ್ಲಿಲ್ಲ ಅಂತ ಹೇಳೋದಲ್ಲ ಮಾರಾಯ. ನನ್ನೊಳಗಿನ ಜೊಳ್ಳು ಹಾರ್ಬೇಕಲ್ಲ."

ಒಳ್ಳೆಯ ಮಾತು ಎಂದುಕೊಂಡೆ, ಮೆಣಸು ತೂಗಲು ಹೋದೆ.

ಹೋದ ವರ್ಷ ಕಾಫಿ ಹೂ ಬಿಡುವ ಹೊತ್ತಿಗೆ ಉಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ಅಷ್ಟಿಷ್ಟು ಮರಳಿತು, ಕೈಯೂ ಮಾತೂ ಬರಲಿಲ್ಲ. "ಬರಬಹುದು, ಬಾರದೆಯೂ ಇರಬಹುದು" ಎಂದರು ಮಂಗಳೂರಿನ ಡಾಕ್ಟರು. ಅಂಥ ರೇಟಿಗೆ ಯಾವ ವ್ಯಾಪಾರಿ ಒಪ್ಪುತ್ತಾನೆ? ನಾನು ಹಾಸಿಗೆಯ ಪಕ್ಕ ಕೂತು ಚೌಕಾಸಿಗಿಳಿದೆ. "ಉಮ್ಮಾ, ನನ್ನ ಹೆಸ್ರು ಹೇಳಿ, ಬಂಗಾರದ ಬಳೆ ಮಾಡಿಸ್ತೇನೆ. ಹೋಗ್ಲಿ, ಬರೀ 'ನೀರು' ಅನ್ನಿ." ಅವಳು ಬಾಯಿ ತೆರೆಯುವಳು, ಏನೂ ಬಾರದೆ ಗೋಡೆಯ ಕಡೆ ತಿರುಗುವಳು. ಆ ತಿರುಗುವಿಕೆಯನ್ನು ನೋಡಲಾಗದೆ ಕೇಳುವುದನ್ನೇ ಬಿಟ್ಟೆ.

ಒಂದು ದಿನ ದೇವರಮನೆ ಬೆಟ್ಟದ ಕಡೆಯ ತೋಟದಿಂದ ಮೆಣಸಿನ ಸ್ಯಾಂಪಲ್ ಬಂತು. ಕರೆಂಟಿಲ್ಲ, ಯಂತ್ರ ಓಡುವುದಿಲ್ಲ. ಅಟ್ಟದಿಂದ ಉಮ್ಮನ ಹಳೇ ಮೊರ ಇಳಿಸಿ ಜಗಲಿಯಲ್ಲಿ ಕೂತು ಕೇರತೊಡಗಿದೆ. ನನ್ನ ಕೈಗೆ ಲಯವೆಲ್ಲಿ? ಅರ್ಧ ಮೆಣಸು ಹಾರಿ ನೆಲದ ಪಾಲು. ಅಷ್ಟರಲ್ಲಿ ಒಳಗಿನಿಂದ ಒಂದು ದನಿ. "ಸುಬ್‌ಹಾ..."

ಕೈ ನಿಂತಿತು. ದನಿಯೂ ನಿಂತಿತು! ಮತ್ತೆ ಹಾರಿಸಿದೆ. "...ನಲ್ಲಾಹ್."

ಹೆಂಡತಿ ಅಡುಗೆಮನೆಯಿಂದ ಸೌಟಿನ ಸಮೇತ ಓಡಿ ಬಂದಳು. "ನಿಲ್ಲಿಸ್ಬೇಡಿ! ಕೇರಿ! ಕೇರ್ತಾ ಇರಿ!" ಕೇರಿದೆ ಸ್ವಾಮೀ, ಕೇರಿದೆ! ಮೊರದಲ್ಲಿ ಒಂದು ಕಾಳೂ ಉಳಿಯದಿದ್ದರೂ ಬರಿಯ ಮೊರವನ್ನೇ ಹಾರಿಸಿದೆ. ಒಳಗೆ ಉಮ್ಮ ಹೇಳುತ್ತಲೇ ಇದ್ದಳು, ತೊದಲದೆ. ಸಂಜೆ ಅವಳ ಪಕ್ಕ ನಮಾಜಿಗೆ ನಿಂತು ಪ್ರತಿ ನಮಾಜಿನಲ್ಲೂ ಓದುವ ಫಾತಿಹಾ ಅಧ್ಯಾಯದ ಮೊದಲ ಸಾಲು ಜೋರಾಗಿ ಓದಿದೆ. ಎರಡನೆಯದನ್ನು ಅವಳೇ ಕಿತ್ತುಕೊಂಡು ಕೊನೆಯವರೆಗೆ ಓದಿದಳು!

ಡಾಕ್ಟರಿಗೆ ಫೋನು ಮಾಡಿದರೆ ಅವರೂ ಕುರ್ಚಿಯಿಂದ ಎದ್ದವರಂತೆ ಮಾತಾಡಿದರು. ವರ್ಷಗಟ್ಟಲೆ ದಿನಾ ಹೇಳಿದ್ದು ಎಷ್ಟೋ ಸಲ ಉಳಿದುಕೊಳ್ಳುತ್ತದಂತೆ. "ಅದನ್ನೇ ಹೇಳಿಸಿ, ಅದರ ಬಾಲ ಹಿಡಿದು ಬೇರೆ ಮಾತೂ ಬಂದೀತು." ಬಂತು. ತಿಂಗಳೊಪ್ಪತ್ತಿನ ಮೇಲೆ, ನಾನು ಗಡಿಬಿಡಿಯಲ್ಲಿ ಸುಜೂದಿಗೆ ಹಣೆ ನೆಲಕ್ಕಿಟ್ಟು ಏಳುತ್ತಿದ್ದಾಗ ಹಾಸಿಗೆಯಿಂದ, "ಮೆಲ್ಲ... ಬಸ್ಸು... ತಪ್ಪೂದಿಲ್ಲ." ಬೈಗುಳ ಕೇಳಿ ನಾನು ಕುಣಿದದ್ದು ಜೀವನದಲ್ಲಿ ಅದೊಂದೇ ಸಲ.

ಈಗ ಹೊಸ ಮೊರ ಉಮ್ಮನ ಎಡಗೈಯಲ್ಲಿದೆ, ನಾಲ್ಕು ಕಾಳು ಹಾರಿಸುತ್ತಿದ್ದಾಳೆ. ನಾನು ನಮಾಜನ್ನು ನಿಧಾನ ಮಾಡಿದ್ದೇನೆ. "ನಮ್ಮನ್ನು ನೇರ ದಾರಿಯಲ್ಲಿ ನಡೆಸು" ಎನ್ನುವ ಫಾತಿಹಾದ ಸಾಲನ್ನು ಮೊದಲು ಲಾರಿಗೆ ಲೋಡು ಮಾಡಿದ ಹಾಗೆ ಹೇಳಿ ಎಸೆಯುತ್ತಿದ್ದೆ. ಇವತ್ತು ಅಲ್ಲೊಮ್ಮೆ ನಿಂತೆ. ತಕ್ಕಡಿ ಹಿಡಿದು ಬದುಕುವವನು ದಿನಕ್ಕೊಂದು ಸಲ ಕೇಳಿಕೊಂಡರೆ ಸಾಕಾಗುವ ಬೇಡಿಕೆಯೇ ಅದು? ಬೆಳಿಗ್ಗೆ ಕೇಳಿದ್ದು ಹತ್ತು ಗಂಟೆಯ ಗಿರಾಕಿಯ ಮುಂದೆ ಸವೆದುಹೋಗಿರುತ್ತದೆ.

ನೀವು ಯಾವ ದೇವರವರೋ ನನಗೆ ಗೊತ್ತಿಲ್ಲ, ಸಲಹೆಯಂತೂ ಪುಕ್ಕಟೆ. ನಿಮ್ಮ ಮನೆಯ ಹಿರಿಯರು ಕೆಲಸ ಮಾಡುತ್ತಾ ಬಾಯೊಳಗೇ ಹೇಳಿಕೊಳ್ಳುತ್ತಾರಲ್ಲ, ಅದೇನೆಂದು ಕಿವಿಗೊಟ್ಟು ಕೇಳಿ. ಯಾವ ಕೆಲಸಕ್ಕೆ ಯಾವ ಮಾತು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲವನ್ನೂ ಕಲಿತಿಟ್ಟುಕೊಳ್ಳಿ. ನಾಳೆ ಎಂದರೆ ಆಗುವುದಿಲ್ಲ. ಮೊಬೈಲನ್ನು ಜೇಬಿಗೆ ಹಾಕಿ ಇವತ್ತೇ ಹೋಗಿ ಅವರ ಪಕ್ಕ ಕೂತುಕೊಳ್ಳಿ.